ಹಸುಗೂಸಿನ ರಕ್ತಪರೀಕ್ಷೆ: ಅಂಜಿಕೆ ಏಕೆ?

ಎಚ್.ಐ.ವಿ. ಸೋಂಕುಳ್ಳ ತಾಯಿಯು ಎ.ಆರ್.ಟಿ. ಔಷಧಿಯನ್ನು ತಪ್ಪದೆ ಸೇವಿಸಿದರೆ ಮಗುವಿಗೆ ಸೋಂಕು ತಗಲುವ ಸಂಭವ ಬಹಳ ಕಡಿಮೆ. ಆದರೂ “ಮಗು ಗುಂಡುಗುಂಡಾಗಿದೆ, ಪರೀಕ್ಷೆ ಏತಕ್ಕೆ?” ಎನ್ನಬೇಡಿ. ಸೋಂಕು ಹೊರಗೆ ಕಾಣದು. ಚಿಕಿತ್ಸೆ ದೊರೆಯದ ಸೋಂಕಿತ ಶಿಶುಗಳಲ್ಲಿ ಸುಮಾರು ಅರ್ಧದಷ್ಟು 2 ವರ್ಷ ತುಂಬುವ ಮೊದಲೇ ಮರಣ ಹೊಂದುತ್ತವೆ.

ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ ಕಾರಣ, ದೊಡ್ಡವರಿಗೆ ಮಾಡುವ ಪರೀಕ್ಷೆ ಶಿಶುವಿಗೆ ಸಾಲದು. ಆದುದರಿಂದ 6 ವಾರ ತುಂಬಿದಾಗ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ವೈರಾಣುವನ್ನೇ ಹುಡುಕುವರು. ಮುಂದೆಯೂ ಪರೀಕ್ಷಿಸುತ್ತ 18 ತಿಂಗಳಿಗೆ ಖಚಿತಪಡಿಸುವರು.

ಮರೋಳವಿರಲಿ, ಇಳಕಲ್ಲಿರಲಿ, ತಾಯಂದಿರೇ, ಸರ್ಕಾರಿ ಪರೀಕ್ಷಾ ಕೇಂದ್ರದಲ್ಲಿ ಈ ಪರೀಕ್ಷೆ ಉಚಿತ. ನಿಮ್ಮ ಒಪ್ಪಿಗೆ ಪಡೆದೇ ನಡೆಸುವರು. 2017ರ ಕಾಯಿದೆಯಂತೆ ಫಲಿತಾಂಶ ಗೋಪ್ಯ. ಊರವರ ಮಾತಿಗೆ ಅಂಜಿ ತಡಮಾಡಿದರೆ ನಷ್ಟ ಮಗುವಿಗೇ.