ಬಲಹೀನರ ಪಕ್ಷ ವಹಿಸುವುದರಿಂದ ಫಲವುಂಟೆ?



ಗೃಹಸ್ಥಭಕ್ತನಿಗೆ ಇಷ್ಟಲಿಂಗಪೂಜೆ, ಕಾಯಕ, ದಾಸೋಹಗಳು ಹೇಗೆ ನಿತ್ಯದ ಕರ್ತವ್ಯಗಳೋ ಹಾಗೆಯೇ ಆಗಾಗ್ಗೆ ಅವನಿಗೆ ಎದುರಾಗುವ ಪರೀಕ್ಷೆಯೊಂದುಂಟು. ಬಲವುಳ್ಳವನೂ ಬಲವಿಲ್ಲದವನೂ ಎದುರುಬದುರಾಗಿ ನಿಂತಾಗ, ನ್ಯಾಯವು ಬಲವಿಲ್ಲದವನ ಕಡೆಗಿದೆಯೆಂದು ತನ್ನ ಮನಸ್ಸಿಗೆ ತಿಳಿದಿರುವಾಗ, ತಾನು ಎಲ್ಲಿ ನಿಲ್ಲಬೇಕು? ಪೂಜೆಯನ್ನು ಮನೆಯೊಳಗೆ ಮಾಡಬಹುದು. ಈ ಪರೀಕ್ಷೆ ನಡೆಯುವುದು ಅರಳೀಕಟ್ಟೆಯ ಮೇಲೆ, ಹತ್ತು ಜನರ ಕಣ್ಣೆದುರಿಗೆ.

ಚಿಕ್ಕರಸಿನಕೆರೆಯ ಸುತ್ತಣ ಭಕ್ತರಿಗೆ ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಮದ್ದೂರು ಮಳವಳ್ಳಿ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಣ ಗದ್ದೆಗಳನ್ನು ತಣಿಸಿ ಕೊನೆಯ ಭಾಗಕ್ಕೆ ಬರುವ ವೇಳೆಗೆ ಸಣ್ಣ ಧಾರೆಯಾಗಿರುವುದುಂಟು. ಮೇಲಿನ ಜಮೀನಿನವನು ರಾತ್ರಿ ಕಾಲುವೆಗೆ ಕಲ್ಲುಮಣ್ಣು ಅಡ್ಡಹಾಕಿದರೆ ಕೊನೆಯವನ ಭತ್ತದ ಪೈರು ಒಣಗುವುದು. ಮೇಲಿನವನಿಗೆ ಬಂಧುಬಳಗವುಂಟು, ಸಾಲ ಕೊಡುವ ಶಕ್ತಿಯುಂಟು, ಮಾತಿನ ಬಲವುಂಟು. ಕೊನೆಯವನಿಗೆ ಅರ್ಧ ಎಕರೆ ಗದ್ದೆಯೊಂದೇ ಉಂಟು. ನ್ಯಾಯಕ್ಕೆ ಜನ ಸೇರಿದಾಗ ಎಲ್ಲರಿಗೂ ಸತ್ಯವು ಗೊತ್ತು. ಆದರೂ ಎಲ್ಲರೂ ನೆಲ ನೋಡುತ್ತ ಕುಳಿತಿರುತ್ತಾರೆ.

ಪೂರ್ವಪಕ್ಷ

ಹೀಗೆ ಸುಮ್ಮನಿರುವವರೆಲ್ಲ ಕೆಟ್ಟವರೆಂದು ಹೇಳಲಾಗದು. ಅವರು ಕೊಡುವ ಕಾರಣಗಳಲ್ಲಿ ತೂಕವುಂಟು. ಮೊದಲನೆಯದು: ಊರೆಲ್ಲ ಒಂದು ಕಡೆಗಿರುವಾಗ ನಾನೊಬ್ಬನು ಎದ್ದು ಮಾತನಾಡಿದರೆ ತೀರ್ಪು ಬದಲಾಗುವುದಿಲ್ಲ, ನನಗೆ ವೈರವೊಂದು ಕಟ್ಟಿಟ್ಟದ್ದು. ಎರಡನೆಯದು: ನಾನು ಮಕ್ಕಳೊಂದಿಗ, ನಾಳೆ ಮಗಳ ಮದುವೆಗೆ ಇದೇ ಜನರ ಮನೆಬಾಗಿಲಿಗೆ ಹೋಗಬೇಕು. ಮೂರನೆಯದು ಎಲ್ಲಕ್ಕಿಂತ ಕಹಿಯಾದುದು: ಯಾರಿಗಾಗಿ ನಾನು ನಿಂತೆನೋ ಅವನೇ ನಾಳೆ ಬಲಿಷ್ಠನೊಡನೆ ರಾಜಿಯಾಗಿ ನನ್ನನ್ನು ನಡುದಾರಿಯಲ್ಲಿ ಬಿಟ್ಟುಬಿಡುತ್ತಾನೆ.

ಈ ಮೂರಕ್ಕೂ ಉತ್ತರವನ್ನು ಸುಲಭವಾದ ಉಪದೇಶದಿಂದ ಕೊಡುವುದು ಉಚಿತವಲ್ಲ. ಶರಣರ ಚರಿತ್ರೆಯಲ್ಲಿ ಈ ಪ್ರಶ್ನೆಯು ಅತ್ಯಂತ ಕಠೋರವಾಗಿ ಎದ್ದ ಕಡೆಗೇ ಹೋಗಿ ನೋಡಬೇಕು. ಅದು ಹನ್ನೆರಡನೆಯ ಶತಮಾನದ ಕಲ್ಯಾಣ.

ಕಲ್ಯಾಣದ ನಿದರ್ಶನ

ಸಮಗಾರ ಹರಳಯ್ಯನು ದಾರಿಯಲ್ಲಿ ಬಸವಣ್ಣನವರಿಗೆ ಶರಣೆಂದನು. ಬಿಜ್ಜಳನ ಭಂಡಾರಿಯಾದ ಬಸವಣ್ಣನವರು ಅದಕ್ಕೆ ಎರಡು ಮಡಿಯಾಗಿ ಶರಣು ಶರಣಾರ್ಥಿ ಎಂದರು. ಆ ಅಧಿಕವಾದ ಒಂದು ಶರಣಿನ ಋಣವನ್ನು ಹೇಗೆ ತೀರಿಸಲೆಂದು ಹರಳಯ್ಯನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆಗಳನ್ನು ಮಾಡಿ ತಂದರೆಂದೂ, ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಪರಂಪರೆ ಹೇಳುತ್ತದೆ. ಮುಂದೆ ಬ್ರಾಹ್ಮಣಕುಲದಿಂದ ಬಂದ ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ವಿವಾಹವಾಯಿತು. ಲಿಂಗವಂತರಾದ ಮೇಲೆ ಕುಲವಿಲ್ಲವೆಂಬ ಮಾತನ್ನು ಶರಣರು ನಡೆಯಲ್ಲಿ ತೋರಿಸಿದರು. ದೊರೆಯು ಇದನ್ನು ವರ್ಣಸಂಕರವೆಂದು ಎಣಿಸಿದನು. ಹರಳಯ್ಯ ಮಧುವರಸರ ಕಣ್ಣುಗಳನ್ನು ಕೀಳಿಸಿದರು. ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಂದರೆಂದೂ ಹೇಳುತ್ತಾರೆ. 1167-68ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಕೊನೆಗೊಂಡಿತು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಚನ್ನಬಸವಣ್ಣನವರು ಮತ್ತು ಇತರ ಶರಣರು ಉಳವಿಯ ಕಡೆಗೆ ಸಾಗಿದರು. ಕಲ್ಯಾಣವು ಬರಿದಾಯಿತು.

ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡುವವನಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರಿಲ್ಲ. ಎರಡು ಪ್ರಾಣಗಳು ಹೋದವು, ಅನುಭವಮಂಟಪ ಮುಚ್ಚಿತು, ಮಂತ್ರಿಪದವಿ ಹೋಯಿತು. ಜಾತಿಯು ಮಾತ್ರ ಹೋಗಲಿಲ್ಲ. ಹಾಗಾದರೆ ಬಲಹೀನರ ಪಕ್ಷ ವಹಿಸಿದ್ದರಿಂದ ಬಂದ ಫಲವೇನು?

ಕಲ್ಯಾಣದಿಂದ ಹೊರಟ ಶರಣರೊಡನೆ ವಚನಗಳೂ ಉಳಿದು ಬಂದವು. ಅವು ಅನೇಕ ಶತಮಾನಗಳ ಕಾಲ ತಾಡವಾಲೆಗಳಲ್ಲಿದ್ದು, ಫ. ಗು. ಹಳಕಟ್ಟಿಯವರ ಶ್ರಮದಿಂದ 1923ರಲ್ಲಿ ‘ವಚನಶಾಸ್ತ್ರಸಾರ’ವಾಗಿ ಅಚ್ಚಾಗಿ ಮನೆಮನೆಗೆ ಬರುವಂತಾಯಿತು. ಅಸ್ಪೃಶ್ಯತೆಯು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯಿಂದ ಕಾನೂನಿನಲ್ಲಿ ರದ್ದಾಯಿತು. ಇಂಥ ಫಲಗಳನ್ನು ಹೇಳಿ ಸಮಾಧಾನಪಟ್ಟುಕೊಳ್ಳಬಹುದು. ಆದರೆ ಹರಳಯ್ಯನು ಎಂಟುನೂರು ವರ್ಷಗಳ ಮುಂದಿನ ಫಲವನ್ನು ಎಣಿಸಿ ಮಗನ ಮದುವೆ ಮಾಡಲಿಲ್ಲ. ಶರಣರ ಉತ್ತರವು ಫಲದ ಲೆಕ್ಕದೊಳಗೆ ಇಲ್ಲ; ಅದು ‘ಪಕ್ಷ’ ಎಂಬ ಮಾತಿನೊಳಗೇ ಇದೆ.

ಪರರೆಂಬ ಭಾವ

ನಾವು ‘ಬಲಹೀನನ ಪಕ್ಷ ವಹಿಸಿದೆನು’ ಎಂದಾಗ ಮೂವರಿರುತ್ತಾರೆ: ಬಲಿಷ್ಠನೊಬ್ಬ, ಬಲಹೀನನೊಬ್ಬ, ಇವರಿಬ್ಬರಿಂದಲೂ ಬೇರೆಯಾಗಿ ನಿಂತು ಯಾವ ಕಡೆಗೆ ಹೋಗಲೆಂದು ತೂಗುವ ನಾವೊಬ್ಬರು. ಬಂದವನನ್ನು ಯಾರವನೆಂದು ಕೇಳದೆ ನಮ್ಮವನೆಂದೇ ಕಾಣುವಂತೆ ಮಾಡೆಂದು ಬಸವಣ್ಣನವರು ಕೂಡಲಸಂಗಮದೇವನನ್ನು ಬೇಡಿದ ವಚನವು ಎಲ್ಲ ಭಕ್ತರಿಗೂ ಪರಿಚಿತವಾದುದು. ಅದು ಈ ಮೂರನೆಯವನನ್ನೇ ಇಲ್ಲವಾಗಿಸುತ್ತದೆ. ಮನೆಯ ಮಗುವಿಗೆ ಅನ್ಯಾಯವಾದಾಗ ‘ಇದರಿಂದ ನನಗೆ ಫಲವುಂಟೆ’ ಎಂದು ಯಾವ ತಾಯಿಯೂ ಕೇಳುವುದಿಲ್ಲ. ಕೇಳುವಷ್ಟು ದೂರ ಇದ್ದಾಗಲೇ ಆ ಪ್ರಶ್ನೆ ಹುಟ್ಟುವುದು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವೂ ಇದೇ. ದಾನಿಯು ಮೇಲೆ ನಿಂತು ಕೊಡುತ್ತಾನೆ. ದಾಸೋಹಿಯು ತಾನು ಮೇಲಿನವನೆಂಬ ಭಾವವನ್ನೇ ಕಳೆದುಕೊಂಡು ನೀಡುತ್ತಾನೆ.

ಬೆಲೆ ತೆತ್ತವರಾರು?

ಆದರೆ ಇಲ್ಲಿ ಎಚ್ಚರಿಕೆಯೊಂದು ಬೇಕು. ಕಲ್ಯಾಣದಲ್ಲಿ ಎಲ್ಲರೂ ಕಷ್ಟಪಟ್ಟರು. ಹರಳಯ್ಯನು ಅತ್ಯಂತ ಹೆಚ್ಚಿನ ಬೆಲೆಯನ್ನು ತೆತ್ತನು. ಲೋಕದಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆಯೇ. ಬಲಹೀನನಿಗಾಗಿ ಮಾತನಾಡಿದವನಿಗೆ ಅಪವಾದ ಬಂದರೆ ಬಲಹೀನನಿಗೆ ಏಟು ಬೀಳುತ್ತದೆ. ನಾವು ಅರಳೀಕಟ್ಟೆಯಲ್ಲಿ ಧೀರವಾಗಿ ನಾಲ್ಕು ಮಾತನಾಡಿ ಮನೆಗೆ ಬಂದು ಮಲಗುತ್ತೇವೆ; ಕೊನೆಯ ಗದ್ದೆಯವನು ಮರುದಿನ ಅದೇ ಬಲಿಷ್ಠನ ಮನೆಗೆ ಕೂಲಿಗೆ ಹೋಗಬೇಕು, ಅವನ ಅಂಗಡಿಯಲ್ಲೇ ಸಾಲ ಕೇಳಬೇಕು. ಅವನು ರಾಜಿಯಾದರೆ ಅದು ಕೃತಘ್ನತೆಯಲ್ಲ, ಬದುಕುವ ದಾರಿ. ಮೂರನೆಯ ಆಕ್ಷೇಪಕ್ಕೆ ಉತ್ತರ ಇಲ್ಲಿ ದೊರೆಯಿತು: ಅವನು ನಮ್ಮನ್ನು ಬಿಟ್ಟನೆಂದು ದೂರುವ ಮೊದಲು, ಮಾತು ಮುಗಿದ ಮೇಲೆ ನಾವು ಅವನನ್ನು ಬಿಟ್ಟೆವೋ ಎಂದು ಕೇಳಿಕೊಳ್ಳಬೇಕು.

ನಮ್ಮ ಸೀಮೆಯ ಜನಪದವು ಈ ಎಚ್ಚರಿಕೆಯನ್ನು ಇನ್ನೂ ತೀಕ್ಷ್ಣವಾಗಿ ಹೇಳಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಗದ್ದುಗೆಯುಳ್ಳ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ಇಂದಿಗೂ ಹಾಡುತ್ತಾರೆ. ಆ ಕಥೆಯಲ್ಲಿ ಸ್ವಾಮಿಯು ಹೊಲಸುಮೈಯ, ಅಸಹ್ಯವಾದ ವೇಷವನ್ನು ತಾಳಿ ಕಲ್ಯಾಣಕ್ಕೆ ಬರುತ್ತಾನೆ. ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ದಾಸೋಹದ ಸುಖ ಉಣ್ಣುತ್ತಿದ್ದ ಜಂಗಮಸಮೂಹವು ಅವನನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತದೆ. ಕೊನೆಗೆ ಬಸವಣ್ಣನೇ ಬಂದು ಅವನನ್ನು ಗುರುತಿಸಿ ಬರಮಾಡಿಕೊಳ್ಳಬೇಕಾಗುತ್ತದೆ. ಚರಿತ್ರೆಯ ಕಾಲಗಣನೆಗೆ ಈ ಕಥೆ ಹೊಂದದೆ ಇರಬಹುದು. ಆದರೆ ತತ್ತ್ವಕ್ಕೆ ಹೊಂದುತ್ತದೆ. ದೀನರಿಗಾಗಿ ತೆರೆದ ಮನೆಗೂ ಕಾಲಾಂತರದಲ್ಲಿ ಬಾಗಿಲು, ಕಾವಲುಗಾರರು ಬಂದುಬಿಡುತ್ತಾರೆ. ದೀನಬಂಧುವೆಂಬ ಹೆಸರು ಬಂದ ದಿನವೇ ನಿಜವಾದ ದೀನನು ಹೊರಗೆ ನಿಲ್ಲುವ ಅಪಾಯವುಂಟು. ಮಠವಾಗಲಿ ಮನೆಯಾಗಲಿ ತನ್ನ ಬಾಗಿಲನ್ನು ಆಗಾಗ್ಗೆ ನೋಡಿಕೊಳ್ಳುವುದು ಒಳ್ಳೆಯದು.

ಗೃಹಸ್ಥನಿಂದ ಸಾಧ್ಯವೆ?

ಇದೆಲ್ಲ ಮಹಾಶರಣರ ಕಾಲದ ಮಾತು, ಸಂಸಾರಿಗೆ ಆಗದೆಂದು ಹೇಳುವವರಿಗೆ ಕನ್ನಡನಾಡಿನ ಕಡಲತೀರದ ಈಚಿನ ಗೃಹಸ್ಥರೊಬ್ಬರ ನಿದರ್ಶನವುಂಟು. ಕುದ್ಮುಲ್ ರಂಗರಾಯರು (1859-1928) ಸಾರಸ್ವತ ಬ್ರಾಹ್ಮಣಕುಲದಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲರಾಗಿದ್ದವರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಅವರ ಉದ್ಧಾರಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿದರು. ಸ್ವಜನರು ಅವರಿಗೆ ಬಹಿಷ್ಕಾರ ಹಾಕಿದರು. ಅವರಿಗೂ ಹೆಂಡತಿ ಮಕ್ಕಳಿದ್ದರು. ಮದುವೆ ಮುಂಜಿಯ ಚಿಂತೆ ಅವರ ಮನೆಯಲ್ಲಿಯೂ ಇತ್ತು. ಅವರು ಒಂದು ದಿನ ಭಾಷಣ ಮಾಡಿ ಹೋಗಲಿಲ್ಲ, ಮೂವತ್ತು ವರ್ಷ ನಿಂತರು. ತಮ್ಮ ಶಾಲೆಯಲ್ಲಿ ಓದಿದ ದಲಿತ ಬಾಲಕನು ಅಧಿಕಾರಿಯಾಗಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಕಿದರೆ ಜನ್ಮ ಸಾರ್ಥಕವೆಂದು ಅವರು ಹೇಳುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಕೈಹಿಡಿದೆತ್ತಿದವನು ಮೇಲೆ ಉಳಿಯಬೇಕೆಂಬ ಆಸೆ ಅದರಲ್ಲಿಲ್ಲ. ಎದ್ದವನ ಕಾರಿನ ಧೂಳನ್ನು ತಲೆಯಲ್ಲಿ ಧರಿಸುವ ಮನಸ್ಸು, ಹರಳಯ್ಯನ ಚಮ್ಮಾವುಗೆಯನ್ನು ತಲೆಯಲ್ಲಿ ಹೊತ್ತ ಮನಸ್ಸಿನ ಬಂಧುವೇ ಸರಿ.

ಆಚರಣೆ

ಆದುದರಿಂದ ಗೃಹಸ್ಥಭಕ್ತನು ಮೂರು ನಿಯಮಗಳನ್ನು ಪಾಲಿಸುವುದು ಹಿತಕರ.

1. ಮಾತನಾಡುವ ಮೊದಲು ಯಾರಿಗಾಗಿ ಮಾತನಾಡುವೆವೋ ಅವನನ್ನು ಕೇಳಬೇಕು. ಅವನಿಗೆ ಬೇಕಾದುದು ತನ್ನ ಪಾಲಿನ ನೀರೇ ಹೊರತು ನಮ್ಮ ಜಯಘೋಷವಲ್ಲ. ಬಲಿಷ್ಠನ ಮನೆಗೆ ಸಂಜೆ ಹೋಗಿ ಸಮಾಧಾನದಿಂದ ಹೇಳಿದರೆ ಕೆಲಸವಾಗುವಲ್ಲಿ ಕಟ್ಟೆಯ ಮೇಲೆ ಗರ್ಜಿಸಬೇಕಾಗಿಲ್ಲ.

2. ನಿಜವನ್ನು ತಿಳಿದು ನಿಲ್ಲಬೇಕು. ಬಡವನಾದ ಮಾತ್ರಕ್ಕೆ ಎಲ್ಲ ವ್ಯಾಜ್ಯದಲ್ಲಿಯೂ ನ್ಯಾಯ ಅವನದೆಂದು ಹೇಳಲಾಗದು. ಅವನ ಬಲಹೀನತೆಯಿಂದ ಅವನ ನ್ಯಾಯವು ಕೇಳಿಸದೆ ಹೋಗಬಾರದೆಂಬುದಷ್ಟೇ ನಮ್ಮ ಹೊಣೆ.

3. ಮಾತಾದ ಮರುದಿನವೂ ಅವನೊಡನಿರಬೇಕು. ಅವನಿಗೆ ಕೂಲಿ ತಪ್ಪಿದರೆ ನಮ್ಮ ಹೊಲದಲ್ಲಿ ಕೆಲಸ ಕೊಡಬೇಕು. ಸಾಲ ತಪ್ಪಿದರೆ ನಮ್ಮ ಮನೆಯ ಒಂದು ಪಲ್ಲ ರಾಗಿ ಅವನ ಮನೆಗೆ ಹೋಗಬೇಕು. ಇಷ್ಟು ಮಾಡಲು ಸಿದ್ಧನಿಲ್ಲದವನ ಧೈರ್ಯವು ಪರರ ಖರ್ಚಿನ ಧೈರ್ಯ.

ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸಪ್ಪನನ್ನು ಸುತ್ತಣ ಊರುಗಳ ಜನ ಭಕ್ತಿಯಿಂದ ಕರೆದೊಯ್ಯುವುದನ್ನು ನಾವೆಲ್ಲ ಬಲ್ಲೆವು. ದಾರಿ ತೋರದ ವಿಷಯದಲ್ಲಿ ಬಸಪ್ಪನು ಎತ್ತ ಹೆಜ್ಜೆಯಿಡುವನೋ ಅದು ದೈವದ ಅಪ್ಪಣೆಯೆಂದು ನಂಬುತ್ತಾರೆ. ದಾರಿ ತೋರದ ವಿಷಯಕ್ಕೆ ಅಪ್ಪಣೆಯನ್ನು ಕಾಯಬಹುದು. ಆದರೆ ಒಣಗಿದ ಗದ್ದೆಯೂ, ಅದರ ಮೇಲಣ ಅಡ್ಡಕಲ್ಲೂ ಎರಡೂ ಕಣ್ಣಿಗೆ ಕಾಣುತ್ತಿರುವಾಗ ಯಾವ ಅಪ್ಪಣೆಯನ್ನು ಕಾಯಬೇಕು? ದಯೆಯೇ ಧರ್ಮದ ಮೂಲವೆಂದು ತಿಳಿಸಿದ ಬಸವಣ್ಣನವರ ಹೆಜ್ಜೆ ಎಂದೋ ಬಿದ್ದಾಗಿದೆ.

ಮನನಕ್ಕೆ

ಬಲಹೀನರ ಪಕ್ಷ ವಹಿಸುವುದರಿಂದ ಫಲವುಂಟೆ? ಗೆಲುವನ್ನೇ ಫಲವೆಂದರೆ ಹಲವು ವೇಳೆ ಇಲ್ಲ. ಆದರೆ ಕಟ್ಟೆಯ ಮೇಲೆ ಒಂದೇ ಒಂದು ಕೊರಳು ಅವನ ಪರವಾಗಿ ಎದ್ದರೆ, ಸೋತವನು ಮನೆಗೆ ಹೋಗುವಾಗ ಊರೆಲ್ಲ ತನ್ನನ್ನು ಕೈಬಿಟ್ಟಿತೆಂದು ಅಂದುಕೊಂಡು ಹೋಗುವುದಿಲ್ಲ. ಆ ಒಂದು ಕೊರಳು ನಮ್ಮದಾಗಲಿ. ಇಂದು ಸಂಜೆಯ ಪೂಜೆಯಲ್ಲಿ ಅಂಗೈಯ ಲಿಂಗವನ್ನು ನೋಡುವಾಗ, ಈ ವರ್ಷ ನಮ್ಮ ಊರಿನಲ್ಲಿ ಯಾರ ನ್ಯಾಯವು ನಮ್ಮ ಮೌನದಿಂದ ಮುಳುಗಿತೆಂದು ಒಬ್ಬೊಬ್ಬರೂ ನೆನೆಯೋಣ. ಹೆಸರು ನೆನಪಿಗೆ ಬಂದರೆ ಆ ಮನೆಯ ದಾರಿಯೂ ನೆನಪಿರುತ್ತದೆ.