“ಇನ್ನು ಮಾಡಲಿಕ್ಕೇನೂ ಇಲ್ಲ” ಎಂಬ ವಾಕ್ಯದ ಕುರಿತು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಮನೆಗೆ ಬಂದು ಕೇಳಿದಾಗ, ಶಾಲೆಯ ಹಳೆಯ ದಿನಗಳನ್ನು ಕುರಿತು ಬರೆಯಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ನಿರ್ವಹಿಸಬಲ್ಲ ಸಹೋದ್ಯೋಗಿಗಳಿದ್ದಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಾದುದರಿಂದ ನಾನು ಒಂದು ಪಾಠವನ್ನೇ ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ. ವಿಷಯ ಗರ್ಭಕಂಠದ ಕ್ಯಾನ್ಸರು. ಅದರಲ್ಲಿಯೂ ಮುಂದುವರಿದ ಹಂತದಲ್ಲಿ ಪತ್ತೆಯಾದ, ಅಥವಾ ಒಮ್ಮೆ ಹಿಮ್ಮೆಟ್ಟಿ ಮರಳಿ ಬಂದ ರೋಗದೊಡನೆ ಬಾಳುವವರ ಸಂಗತಿ. ಹಬ್ಬದ ಸಂಚಿಕೆಗೆ ಇದು ಒಪ್ಪುವ ವಿಷಯವೇ ಎಂದು ಅವರಲ್ಲೊಬ್ಬರು ಮೆಲ್ಲನೆ ಕೇಳಿದರು. ಸಂಚಿಕೆ ನಮ್ಮ ಊರಿನ ಎಲ್ಲ ಕನ್ನಡ ಮನೆಗಳಿಗೂ ಹೋಗುತ್ತದೆ, ಹೆಂಗಸರೂ ಓದುತ್ತಾರೆ, ಆದುದರಿಂದಲೇ ಇಲ್ಲಿ ಬರೆಯುವುದು ಎಂದೆ.

ನಾನು ವೈದ್ಯನಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಶಿಕ್ಷಕ ತರಬೇತಿ ಪಡೆದು, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಬೀಡಿ ಕಟ್ಟಿ ಸಂಸಾರ ನಡೆಸಿದ ನನ್ನ ತಂಗಿ 2017ರಿಂದ 2023ರ ವರೆಗೆ ಈ ಕಾಯಿಲೆಯೊಡನೆ ಬದುಕಿದಳು. ಆ ಆರು ವರ್ಷಗಳಲ್ಲಿ ಆಸ್ಪತ್ರೆಯ ಇಂಗ್ಲಿಷ್ ಕಾಗದಗಳನ್ನು ಓದಿ ಆಕೆಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತಿಳಿಯದುದನ್ನು ವೈದ್ಯರಲ್ಲಿಯೂ ದಾದಿಯರಲ್ಲಿಯೂ ಕೇಳಿ ಬರೆದಿಟ್ಟುಕೊಂಡೆ. ಇಲ್ಲಿ ಹೇಳುತ್ತಿರುವುದು ಆ ನೋಟುಪುಸ್ತಕದ ವಿಷಯ.

2021ರಲ್ಲಿ ರೋಗ ಮರುಕಳಿಸಿದಾಗ ಒಬ್ಬ ವೈದ್ಯರು ವರದಿಯನ್ನು ಮಡಚುತ್ತ, “ಇನ್ನು ಮಾಡಲಿಕ್ಕೇನೂ ಇಲ್ಲ, ಮನೆಗೆ ಕರಕೊಂಡು ಹೋಗಿ” ಎಂದರು. ವ್ಯಾಕರಣ ಕಲಿಸಿದವನಿಗೆ ಆ ವಾಕ್ಯ ಅಪೂರ್ಣವೆಂದು ತೋರಿತು. ಅದರಲ್ಲಿ ಕರ್ತೃ ಯಾರು, ಕರ್ಮ ಯಾವುದು? ರೋಗವನ್ನು ಬೇರುಸಹಿತ ಕಿತ್ತುಹಾಕುವುದಕ್ಕೆ ಆ ವೈದ್ಯರು ಮಾಡಲಿಕ್ಕೇನೂ ಇಲ್ಲವೆಂದು ಅರ್ಥವಾದರೆ ಒಪ್ಪೋಣ. ನೋವಿಗೆ, ರಕ್ತಸ್ರಾವಕ್ಕೆ, ನಿದ್ದೆಗೆ, ಊಟಕ್ಕೆ, ಭಯಕ್ಕೆ ಮಾಡಲಿಕ್ಕಿರುವುದು ಬಹಳ. ಆ ಪಟ್ಟಿ ಎಷ್ಟು ಉದ್ದವೆಂಬುದು ನಮಗೆ ಮುಂದಿನ ಇಪ್ಪತ್ತು ತಿಂಗಳಲ್ಲಿ ತಿಳಿಯಿತು.

ಮೊದಲು ರೋಗದ ಪರಿಚಯ. ಗರ್ಭಕೋಶದ ಕೆಳಗಡೆ ಕುತ್ತಿಗೆಯಂತೆ ಕಿರಿದಾಗಿರುವ ಭಾಗವೇ ಗರ್ಭಕಂಠ. ಅಲ್ಲಿ ಹುಟ್ಟುವ ಕ್ಯಾನ್ಸರಿಗೆ ಬಹುತೇಕ ಎಲ್ಲ ಸಂದರ್ಭಗಳಲ್ಲಿಯೂ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಬಂತು. ಈ ವೈರಸ್ ಗಂಡು ಹೆಣ್ಣುಗಳ ದೇಹಸಂಬಂಧದಿಂದ ದಾಟುವಂಥದು. ಆದರೆ ಹೆಚ್ಚಿನ ಎಲ್ಲ ಸ್ತ್ರೀಪುರುಷರಿಗೂ ಜೀವಮಾನದಲ್ಲಿ ಒಮ್ಮೆಯಾದರೂ ಅದು ತಗಲುತ್ತದೆ. ಬಹುಪಾಲು ಮಂದಿಯಲ್ಲಿ ಒಂದೆರಡು ವರ್ಷಗಳೊಳಗೆ ತಾನಾಗಿಯೇ ಹೊರಟುಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಹತ್ತಿಪ್ಪತ್ತು ವರ್ಷಗಳ ತರುವಾಯ ಕ್ಯಾನ್ಸರಾಗುತ್ತದೆ. ವರ್ಷವರ್ಷವೂ ಮಕ್ಕಳಿಗೆ ನಡತೆಯ ಪ್ರಮಾಣಪತ್ರ ಬರೆದುಕೊಟ್ಟ ಕೈ ಇದು. ಆದುದರಿಂದ ಅಧಿಕಾರದಿಂದಲೇ ಹೇಳುತ್ತೇನೆ, ಈ ಕಾಯಿಲೆ ಯಾವ ಹೆಂಗಸಿನ ನಡತೆಗೂ ಪ್ರಮಾಣಪತ್ರವಲ್ಲ. ಪೂರ್ವಜನ್ಮದ ಕರ್ಮವೆಂದು ಬೇಸರದಿಂದ ಆಡುವ ಮಾತೂ ರೋಗಿಯ ಕಿವಿಗೆ ಬೀಳಬಾರದು. ಈ ಕ್ಯಾನ್ಸರು ಮುಟ್ಟಿದರೆ ಅಂಟುವುದಿಲ್ಲ, ಜೊತೆಯಲ್ಲಿ ಉಂಡರೆ ಅಂಟುವುದಿಲ್ಲ. ಆದರೂ ನಮ್ಮ ಕಡೆ ಕೆಲವು ಮನೆಗಳಲ್ಲಿ ರೋಗಿಗೆ ಬೇರೆ ಬಟ್ಟಲು, ಬೇರೆ ಲೋಟ ಇಡುವುದನ್ನು ಕಂಡಿದ್ದೇನೆ. ಅದರಿಂದಾಗುವ ನೋವಿಗೆ ಮಾತ್ರೆಯಿಲ್ಲ.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ಸುಮಾರು 1,27,000 ಸ್ತ್ರೀಯರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತೆಂದೂ ಸುಮಾರು 80,000 ಮಂದಿ ಇದರಿಂದ ತೀರಿಕೊಂಡರೆಂದೂ ಅಂತಾರಾಷ್ಟ್ರೀಯ ಅಂದಾಜು ಹೇಳುತ್ತದೆ. ಇವರಲ್ಲಿ ಅನೇಕರು ಆಸ್ಪತ್ರೆಗೆ ಬರುವುದೇ ತಡವಾಗಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು, ದುರ್ವಾಸನೆಯ ಬಿಳಿಸೆರಗು, ಸೊಂಟದ ನೋವು ಇವನ್ನು ಗಂಡನಲ್ಲಿ ಹೇಳಲು ನಾಚಿಕೆ, ಮಗನಲ್ಲಿ ಹೇಳಲು ಇನ್ನೂ ನಾಚಿಕೆ. ನನ್ನ ತಂಗಿ ಏಳು ತಿಂಗಳು ಯಾರಲ್ಲಿಯೂ ಹೇಳಲಿಲ್ಲ. ಕೊನೆಗೆ ಆಶಾ ಕಾರ್ಯಕರ್ತೆಯೊಬ್ಬರು ಬೇರಾವುದೋ ಕೆಲಸಕ್ಕೆ ಮನೆಗೆ ಬಂದಾಗ ಬಾಯಿಬಿಟ್ಟಳು.

ಪರೀಕ್ಷೆಯಲ್ಲಿ ಮೂರನೆಯ ಹಂತವೆಂದು ಗೊತ್ತಾಯಿತು. ಹಂತಗಳೆಂದರೆ ಹೀಗೆ: ರೋಗ ಗರ್ಭಕಂಠದಲ್ಲಿ ಮಾತ್ರ ಇದ್ದರೆ ಒಂದನೆಯದು, ಅಲ್ಲಿಂದ ಆಚೆ ತುಸು ಹಬ್ಬಿದರೆ ಎರಡನೆಯದು, ಸೊಂಟದೊಳಗಿನ ಗೋಡೆಯನ್ನು ಮುಟ್ಟಿದರೆ, ಮೂತ್ರನಾಳವನ್ನು ಒತ್ತಿ ಮೂತ್ರಪಿಂಡಕ್ಕೆ ತೊಂದರೆ ಮಾಡಿದರೆ, ಅಥವಾ ಸಮೀಪದ ದುಗ್ಧಗ್ರಂಥಿಗಳಿಗೆ ಇಳಿದರೆ ಮೂರನೆಯದು, ಮೂತ್ರಕೋಶ, ಗುದನಾಳ ಅಥವಾ ದೂರದ ಅಂಗಗಳನ್ನು ಸೇರಿದರೆ ನಾಲ್ಕನೆಯದು. ಮೂರು ಎಂದು ಕೇಳಿದೊಡನೆ ಮನೆಯವರು ಕೈಚೆಲ್ಲುವುದುಂಟು. ಅದು ತಪ್ಪು ಲೆಕ್ಕ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮೂರನೆಯ ಹಂತದ 850 ಸ್ತ್ರೀಯರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಕಿರಣದ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷಗಳ ಬಳಿಕವೂ ಬದುಕಿದ್ದರು. ಬಡ ಭಾರತೀಯ ಹೆಂಗಸರೇ ಹೆಚ್ಚಾಗಿ ಬರುವ ಆಸ್ಪತ್ರೆಯ ಲೆಕ್ಕ ಇದು. ನೂರರಲ್ಲಿ ಐವತ್ತನಾಲ್ಕು ಅಂಕವೆಂದರೆ ನಮ್ಮ ಶಾಲೆಯಲ್ಲಿ ತೇರ್ಗಡೆಯೇ.

ಆದರೆ ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು. ನಮ್ಮವರು “ಕರೆಂಟು ಕೊಡುವುದು” ಎನ್ನುವ ವಿಕಿರಣ ಚಿಕಿತ್ಸೆ ಹೊರಗಿನಿಂದ ಸುಮಾರು ಐದು ವಾರ, ವಾರಕ್ಕೆ ಐದು ದಿನ ನಡೆಯುತ್ತದೆ. ಆ ಬಳಿಕ ಒಳಗಿನಿಂದ ಕೊಡುವ ವಿಕಿರಣ ಕೆಲವು ಸಲ. ಎಲ್ಲವೂ ಎಂಟು ವಾರಗಳ ಒಳಗೆ ಮುಗಿದರೆ ಫಲ ಹೆಚ್ಚು. ಹೊರಗಿನ ವಿಕಿರಣದಿಂದಲೇ ರಕ್ತ ನಿಂತು ರೋಗಿಗೆ ಹಾಯೆನಿಸುವುದರಿಂದ, ಒಳಗಿನದನ್ನು ಬಿಟ್ಟು ಮನೆಗೆ ಬರುವವರಿದ್ದಾರೆ. ಅಡಿಕೆ ಕೊಯ್ಲು, ಮಗಳ ಹೆರಿಗೆ, ಊರಿನ ಭೂತದ ಕೋಲ ಯಾವುದೂ ಆ ಎಂಟು ವಾರಗಳ ನಡುವೆ ಬರಬಾರದು. ತಂಗಿ ಪೂರ್ತಿ ಮಾಡಿದಳು. ಮೂರೂವರೆ ವರ್ಷ ಚೆನ್ನಾಗಿದ್ದಳು.

ಮರಳಿ ಬಂದ ರೋಗಕ್ಕೂ ನಾಲ್ಕನೆಯ ಹಂತಕ್ಕೂ ಇಂದು ಕೆಲವು ಹೊಸ ಔಷಧಿಗಳಿವೆ. ಬೆವಾಸಿಝುಮಾಬ್ ಸೇರಿಸಿದರೆ ಆಯುಸ್ಸು ಕೆಲವು ತಿಂಗಳು ಹೆಚ್ಚುವುದೆಂದು 2014ರಲ್ಲಿಯೂ, ಪೆಂಬ್ರೊಲಿಝುಮಾಬ್‌ನಿಂದ ಹಲವರಿಗೆ ಇನ್ನಷ್ಟು ಪ್ರಯೋಜನವೆಂದು 2021ರಲ್ಲಿಯೂ ಪ್ರಕಟವಾಯಿತು. ಎರಡನೆಯದರ ಬೆಲೆ ಬೀಡಿ ಕಟ್ಟುವವರ ಮನೆಗೆ ಎಟುಕುವಂಥದಲ್ಲ. ಕೇಳಿ ತಿಳಿಯುವುದು ಒಳ್ಳೆಯದು. ಇದ್ದ ತೋಟ ಮಾರಿ ಕೊಡಿಸುವ ಮೊದಲು ಎಷ್ಟು ದಿನಗಳ ಲಾಭ, ಯಾವ ಬಗೆಯ ದಿನಗಳು ಎಂದು ವೈದ್ಯರಲ್ಲಿ ನೇರವಾಗಿ ಕೇಳಬೇಕು. ನಮ್ಮ ತಂಗಿ ತಾನೇ ಕೇಳಿ, ತಾನೇ ಬೇಡವೆಂದಳು. ಆ ಮೇಲೆ ನಮ್ಮ ಮನೆಗೆ ಬಂದದ್ದು ಸಾಂತ್ವನ.

ಕನ್ನಡದಲ್ಲಿ ಸಾಂತ್ವನವೆಂದರೆ ಸಮಾಧಾನದ ಮಾತು. ಮಲಯಾಳದಲ್ಲಿ ಸಾಂತ್ವನ ಪರಿಚರಣವೆಂದರೆ ಮಾತು, ಮದ್ದು, ಗಾಯ ತೊಳೆಯುವುದು, ಮೂತ್ರದ ನಳಿಗೆ ಬದಲಿಸುವುದು ಎಲ್ಲವೂ. ಈ ಒಂದು ಶಬ್ದವನ್ನು ನಾವು ನೆರೆಯವರಿಂದ ಕಡ ತರಬೇಕು. 1993ರಲ್ಲಿ ಕೋಝಿಕ್ಕೋಡಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಸೇರಿ ಪ್ರಾರಂಭಿಸಿದ ಕಾರ್ಯ ಊರೂರಿಗೆ ಹಬ್ಬಿ, 2008ರಲ್ಲಿ ಕೇರಳ ಸರಕಾರ ಅದಕ್ಕಾಗಿಯೇ ಒಂದು ನೀತಿಯನ್ನು ಹೊರಡಿಸಿತು. ಗ್ರಾಮ ಪಂಚಾಯತುಗಳು ಇದಕ್ಕೆ ಹಣ ತೆಗೆದಿರಿಸುತ್ತವೆ. ತರಬೇತಾದ ದಾದಿ, ಆಶಾ ಕಾರ್ಯಕರ್ತೆ, ಸ್ವಯಂಸೇವಕರು ಗಾಡಿಯಲ್ಲಿ ರೋಗಿಯ ಮನೆಗೆ ಬರುತ್ತಾರೆ. ಗಡಿನಾಡಿನಲ್ಲಿದ್ದು ನಾವು ಕಳಕೊಂಡುದರ ಪಟ್ಟಿಯನ್ನು ಸಭೆಗಳಲ್ಲಿ ಓದುತ್ತಲೇ ಇದ್ದೇವೆ. ಕೇರಳದಲ್ಲಿದ್ದುದರಿಂದ ದೊರೆತ ಇದನ್ನೂ ಒಂದು ಸಲ ಓದೋಣ.

ದಾದಿ ಮಲಯಾಳ ಮಾತಾಡುವವರು. ತಂಗಿಗೆ ಸಂತೆಯ ಮಲಯಾಳ ಬರುತ್ತಿತ್ತು. ಆದರೆ ನೋವನ್ನು ಪರಭಾಷೆಯಲ್ಲಿ ಹೇಳಲಾಗುವುದಿಲ್ಲ. ಉರಿ ಬೇರೆ, ಸೆಳೆತ ಬೇರೆ, ಚುಚ್ಚುವುದು ಬೇರೆ, ಜೋಮು ಬೇರೆ. ಇದು ಪಂಡಿತರ ಸೂಕ್ಷ್ಮವಲ್ಲ. ನರಗಳು ಒತ್ತಿಹೋಗಿ ಬರುವ ಉರಿಗೆ ಮಾರ್ಫಿನ್ ಒಂದೇ ಸಾಲದು, ಬೇರೆ ಮಾತ್ರೆಗಳೂ ಬೇಕಾಗುತ್ತವೆ. ನಾನೊಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆ: ಉರಿಗೆ ಎರಿಚ್ಚಿಲ್, ಜೋಮಿಗೆ ತರಿಪ್ಪ್, ಹೀಗೆ. ಎರಡು ಭಾಷೆ ಓದಬಲ್ಲ ಹಳೆವಿದ್ಯಾರ್ಥಿಗಳು ಪ್ರತಿ ಊರಿನಲ್ಲಿದ್ದಾರೆ. ಇಂಥ ಚೀಟಿ ಬರೆಯಲು ಹತ್ತು ನಿಮಿಷ ಸಾಕು. ನೋವನ್ನು ಸೊನ್ನೆಯಿಂದ ಹತ್ತರ ವರೆಗಿನ ಅಂಕಗಳಲ್ಲಿ ಹೇಳಲು ದಾದಿ ಕಲಿಸಿದರು. “ಅಣ್ಣಾ, ಇವತ್ತು ಹತ್ತರಲ್ಲಿ ಎಂಟು. ನಿನ್ನ ಶಾಲೆಯಲ್ಲಿ ನನಗೆ ಒಮ್ಮೆಯೂ ಇಷ್ಟು ಅಂಕ ಬಿದ್ದದ್ದಿಲ್ಲ” ಎಂದಳು. ಔಷಧಿ ಹೊಂದಿಸಿ ನಾಲ್ಕನೆಯ ದಿನಕ್ಕೆ ಅದು ಎರಡಕ್ಕೆ ಇಳಿಯಿತು.

ಮಾರ್ಫಿನ್ ಎಂಬ ಹೆಸರು ಕೇಳಿದರೆ ಜನ ಹೆದರುತ್ತಾರೆ: ಅದು ಅಫೀಮು, ಚಟ ಹಿಡಿಯುತ್ತದೆ, ಅದನ್ನು ಕೊಟ್ಟರೆಂದರೆ ಕಾಲ ಸಮೀಪಿಸಿತು ಎಂದು. 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ದೇಶದಲ್ಲೆಲ್ಲ ಅದು ದುರ್ಲಭವಾಗಿತ್ತು. 2014ರ ತಿದ್ದುಪಡಿ ದಾರಿಯನ್ನು ಸ್ವಲ್ಪ ಸುಗಮ ಮಾಡಿತು. ಕ್ಯಾನ್ಸರಿನ ನೋವಿಗೆ ವೈದ್ಯರು ಅಳತೆಯಾಗಿ ಕೊಡುವಾಗ ಚಟದ ಭಯ ತೀರ ಕಡಿಮೆ. ಸಾಧಾರಣ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು, ನೋವು ಏರುವ ತನಕ ಕಾಯಬಾರದು. ಜೊತೆಗೆ ಮಲಬದ್ಧತೆಗೆ ಮದ್ದು ಮೊದಲ ದಿನದಿಂದಲೇ ಬೇಕು. ತಂಗಿ ಆ ಮಾತ್ರೆಯ ಮೇಲೆ ಒಂದೂಕಾಲು ವರ್ಷ ಇದ್ದಳು. ಅದರಲ್ಲಿ ಬಹುಕಾಲ ತಾನೇ ಅಡುಗೆ ಮಾಡಿದಳು.

ಈಗ ಯಾರೂ ಬರೆಯದ ಸಂಗತಿ. ಈ ರೋಗದಲ್ಲಿ ನೋವಿಗಿಂತ ಹೆಚ್ಚಾಗಿ ಹೆಂಗಸನ್ನು ಕುಗ್ಗಿಸುವುದು ವಾಸನೆ. ಸ್ರಾವದ ದುರ್ಗಂಧದಿಂದ ಆಕೆ ತಾನಾಗಿ ಚಾವಡಿ ಬಿಟ್ಟು ಹಿಂದಿನ ಕೋಣೆಗೆ ಹೋಗುತ್ತಾಳೆ. ಮೊಮ್ಮಕ್ಕಳನ್ನು ಹತ್ತಿರಕ್ಕೆ ಕರೆಯುವುದಿಲ್ಲ. ಬಂದವರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಾರೆ. ಇದಕ್ಕೆ ಮದ್ದಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ಮೆಟ್ರೊನಿಡಜೋಲ್ ಎಂಬ, ಯಾವ ಔಷಧಿ ಅಂಗಡಿಯಲ್ಲಿಯೂ ಸಿಗುವ ಅಗ್ಗದ ಮಾತ್ರೆ ಆ ವಾಸನೆಗೆ ಕಾರಣವಾದ ಬ್ಯಾಕ್ಟೀರಿಯಾಗಳನ್ನು ಅಡಗಿಸುತ್ತದೆ. ಎಷ್ಟು, ನುಂಗುವುದೋ ಪುಡಿಮಾಡಿ ಬಳಸುವುದೋ ಎಂಬುದನ್ನು ದಾದಿ ಅಥವಾ ವೈದ್ಯರು ಹೇಳುತ್ತಾರೆ. ಮಂಚದ ಕೆಳಗೆ ಒಂದು ಬುಟ್ಟಿ ಇದ್ದಿಲು ಇಟ್ಟೆವು. ವಾರವೊಂದರಲ್ಲಿ ತಂಗಿಯ ಮಂಚ ಮರಳಿ ಚಾವಡಿಗೆ ಬಂತು. ಮತ್ತೆ ರಕ್ತ ಹೋಗತೊಡಗಿದಾಗಲೂ ಆಸ್ಪತ್ರೆಯಲ್ಲಿ ಕೇಳಬೇಕು. ಕೆಲವರಿಗೆ ಕೆಲವೇ ಸಲದ ವಿಕಿರಣದಿಂದ ರಕ್ತ ನಿಲ್ಲುವುದುಂಟು. ಮೊದಲೇ ವಿಕಿರಣ ಪಡೆದವರಿಗೆ ಮತ್ತೆ ಕೊಡಬಹುದೇ ಎಂಬುದು ತಜ್ಞರ ನಿರ್ಣಯ.

ಲಂಡನ್ನಿನಲ್ಲಿ 1967ರಲ್ಲಿ ಇಂಥ ರೋಗಿಗಳಿಗಾಗಿ ಆಸ್ಪತ್ರೆ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ, ಆಮೇಲೆ ಸಮಾಜಸೇವಕಿಯಾಗಿ, ತರುವಾಯ ಓದಿ ವೈದ್ಯೆಯಾದವರು. ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ದೇವರ ಮೇಲಿನ ಪ್ರಶ್ನೆ ಎಲ್ಲ ಹೆಣೆದುಕೊಂಡು ಒಂದೇ ನೋವಾಗಿರುತ್ತದೆಂದು ಅವರ ಅಭಿಪ್ರಾಯ. ನಮ್ಮ ಮನೆಯಲ್ಲಿ ನಿದ್ದೆಗೆಡಿಸುತ್ತಿದ್ದ ನೋವು ಕಿರಿಮಗಳ ಮದುವೆಯದಾಗಿತ್ತು. ತಾಯಿಗೆ ಈ ಕಾಯಿಲೆ, ಮಗಳಿಗೂ ಬರುತ್ತದೆಂದು ಒಂದು ಸಂಬಂಧ ಹಿಂದೆ ಸರಿದಿತ್ತು. ಇದು ತಾಯಿಯಿಂದ ಮಗಳಿಗೆ ವಂಶಪಾರಂಪರ್ಯವಾಗಿ ಇಳಿಯುವ ಜಾತಿಯ ಕ್ಯಾನ್ಸರಲ್ಲವೆಂದು ದಾದಿ ನೆಂಟರ ಎದುರಿನಲ್ಲಿಯೇ ಹೇಳಿದರು. ಹೆಣ್ಣುಮಕ್ಕಳಿಗೆ ಒಂಬತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಕೊಡುವ ಲಸಿಕೆಯಿದೆ, ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದಿದೆ, ಮೂವತ್ತು ದಾಟಿದವರು ತಪಾಸಣೆ ಮಾಡಿಸಿಕೊಳ್ಳಬೇಕು ಎಂಬುದನ್ನೂ ತಿಳಿಸಿದರು. ಮದುವೆ ಮುಂದೆ ಬೇರೆ ಕಡೆ ಆಯಿತು. ತಂಗಿ ಗಾಲಿಕುರ್ಚಿಯಲ್ಲಿ ಕುಳಿತು ಧಾರೆ ನೋಡಿದಳು.

ಓಡಾಟದ ಕುರಿತು ಎರಡು ಮಾತು. ಚಿಕಿತ್ಸೆಗಾಗಿ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿ, ಸಂಗಡ ಹೋಗುವವರಿಗೆ ಮುಕ್ಕಾಲು ಪಾಲು ರಿಯಾಯಿತಿ ಉಂಟು. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪತ್ರ ತರಬೇಕು. 2020ರ ಮಾರ್ಚಿಯಲ್ಲಿ ಕೊರೋನಾ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಆದುದರಿಂದ ಎಲ್ಲ ಕಾಗದಗಳ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನ ದಾರಿಯನ್ನೂ ತಿಳಿದಿರುವುದು ಲೇಸು.

ನೋಡಲು ಬರುವವರು ಏನು ಮಾತಾಡಬೇಕೆಂದು ಕೇಳುತ್ತಾರೆ. ಊರಿನ ಸುದ್ದಿ ಮಾತಾಡಿ. ನೆರೆಮನೆಯವರೊಬ್ಬರು ಮಂಗಳವಾರ ಸಂಜೆ ಬಂದು ಬೀಡಿ ಎಲೆ ಕತ್ತರಿಸುತ್ತ ಕುಳಿತುಕೊಳ್ಳುತ್ತಿದ್ದರು, ಕಾಯಿಲೆಯ ಸುದ್ದಿ ಎತ್ತುತ್ತಿರಲಿಲ್ಲ. ಇನ್ನೊಬ್ಬ ಹಳೆವಿದ್ಯಾರ್ಥಿ ಮೊಬೈಲಿನಲ್ಲಿ ತಾಳಮದ್ದಳೆ ಹಾಕಿಕೊಟ್ಟು ಹೋಗುತ್ತಿದ್ದ. ಅರ್ಥಧಾರಿ ಮಾತು ತಪ್ಪಿದರೆ ತಂಗಿ ನಗುತ್ತಿದ್ದಳು. ಎರಡು ರಾತ್ರಿ ರೋಗಿಯ ಬಳಿ ಕುಳಿತು, ಆರೈಕೆ ಮಾಡುವ ಮಗಳನ್ನು ಮಲಗಲು ಕಳುಹಿಸಿದವರ ಉಪಕಾರ ಹಣ್ಣುಹಂಪಲು ತಂದವರ ಉಪಕಾರಕ್ಕಿಂತ ದೊಡ್ಡದು.

2023ರ ಮಳೆಗಾಲದಲ್ಲಿ ಆಕೆ ತೀರಿಕೊಂಡಳು, ಚಾವಡಿಯಲ್ಲಿಯೇ, ಬೆಳಗಿನ ಜಾವ. ಹದಿಮೂರನೆಯ ದಿನದ ಬಳಿಕ ದಾದಿ ಮತ್ತೊಮ್ಮೆ ಬಂದರು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಬರೆದುಕೊಂಡು, ಹಿಂದಕ್ಕೆ ಪಡೆದರು. ಮಗಳೊಡನೆ ಅರ್ಧ ತಾಸು ಮಾತಾಡಿದರು. ಗಾಳಿಹಾಸಿಗೆಯನ್ನು ತೊಳೆದು ಒಣಗಿಸಿ ಇಟ್ಟಿದ್ದೆವು. ಆಶಾ ಕಾರ್ಯಕರ್ತೆ ಅದನ್ನು ಮಡಚಿ ಗಾಡಿಗೆ ಹಾಕಿದರು. ಮೇಲಿನ ಗುಡ್ಡೆಯ ಮನೆಯೊಂದರಲ್ಲಿ ಅದು ಅದೇ ದಿನ ಬೇಕಾಗಿತ್ತು.