ರಾಕ್ಷಸರ ಹೆಣ್ಣುಮಕ್ಕಳು

‘ಫ್ರಾಂಕೆನ್‌ಸ್ಟೈನ್’ ಎಂದರೆ ಹೊಲಿಗೆ ಹಾಕಿದ ಮುಖದ ದೈತ್ಯನ ಹೆಸರು ಎಂದು ತರಗತಿಯಲ್ಲಿ ಅರ್ಧಕ್ಕರ್ಧ ಮಂದಿ ಹೇಳುತ್ತಾರೆ. ಅದು ಅವನನ್ನು ಸೃಷ್ಟಿಸಿದ ವಿಕ್ಟರ್‌ನ ಮನೆತನದ ಹೆಸರು. ಮೇರಿ ಶೆಲ್ಲಿಯ ಕಾದಂಬರಿಯಲ್ಲಿ (1818) ಆ ಜೀವಿಗೆ ಹೆಸರೇ ಇಲ್ಲ. ಅವನು ತನಗೊಬ್ಬ ಸಂಗಾತಿ ಬೇಕೆಂದು ಕೇಳುತ್ತಾನೆ. ವಿಕ್ಟರ್ ಹೆಣ್ಣು ದೇಹವೊಂದನ್ನು ಜೋಡಿಸಲು ತೊಡಗಿ, ಹೆದರಿ, ಜೀವ ತುಂಬುವ ಮೊದಲೇ ಹರಿದುಹಾಕುತ್ತಾನೆ. ಅವಳ ಕಥೆ ಅಲ್ಲಿಗೇ ನಿಲ್ಲುತ್ತದೆ.

ನಿಲ್ಲಿಸದೆ ಮುಂದುವರಿಸಿದವರು ಥಿಯೊಡೋರಾ ಗಾಸ್. ಅವರ ‘ದಿ ಸ್ಟ್ರೇಂಜ್ ಕೇಸ್ ಆಫ್ ದಿ ಆಲ್ಕೆಮಿಸ್ಟ್ಸ್ ಡಾಟರ್’ (2017) ಕಾದಂಬರಿಯನ್ನು ಈಚೆಗೆ ಓದಿ ಬಹಳ ಖುಷಿಪಟ್ಟೆ. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್. ತಾಯಿ ತೀರಿಕೊಂಡು ಮೇರಿ ಜೆಕಿಲ್ ಬರಿಗೈಯಾಗಿದ್ದಾಳೆ. ತಾಯಿಯ ಲೆಕ್ಕಪತ್ರ ನೋಡಿದರೆ ಹೈಡ್ ಎಂಬ ಹೆಸರಿಗೆ ಹಣ ಹೋಗುತ್ತಲೇ ಇತ್ತು! ಕೊಲೆಗಾರ ಹೈಡ್ ಸಿಕ್ಕರೆ ಬಹುಮಾನ ಬರಬಹುದೆಂದು ಅವಳು ಶೆರ್ಲಾಕ್ ಹೋಮ್ಸ್‌ನ ಬಾಗಿಲು ತಟ್ಟುತ್ತಾಳೆ. ಸಿಗುವವಳು ಹೈಡ್‌ನ ತಂಟೆಕೋರ ಮಗಳು ಡಯಾನಾ. ಅತ್ತ ವೈಟ್‌ಚಾಪೆಲ್‌ನಲ್ಲಿ ಹೆಂಗಸರ ಕೊಲೆಗಳು.

ಒಬ್ಬೊಬ್ಬರಾಗಿ ಇನ್ನೂ ಮೂವರು ಬಂದು ಸೇರುತ್ತಾರೆ. ವೆಲ್ಸ್‌ನ ಡಾಕ್ಟರ್ ಮೊರೊ ಚಿರತೆಯಂಥ ಪ್ಯೂಮಾದಿಂದ ಮಾಡಿದ ಕ್ಯಾಥರೀನ್, ವಿಕ್ಟರ್ ಹರಿದುಹಾಕಿದನೆಂದು ನಾವು ನಂಬಿದ್ದ ಜಸ್ಟಿನ್, ಉಸಿರಿನಲ್ಲೇ ವಿಷವಿರುವ ಬಿಯಾಟ್ರಿಸ್. ಈ ಬಿಯಾಟ್ರಿಸ್ ನಮಗೆ ಅಪರಿಚಿತಳಲ್ಲ. ಹಾಥಾರ್ನ್‌ನ ಮೂಲ ಕಥೆಯಲ್ಲೇ (1844) ಒಬ್ಬ ಪ್ರಾಧ್ಯಾಪಕ, ಭಾರತದ ರಾಜಕುಮಾರನೊಬ್ಬ ಅಲೆಕ್ಸಾಂಡರನಿಗೆ ವಿಷಭರಿತ ಸುಂದರಿಯನ್ನು ಕಾಣಿಕೆಯಾಗಿ ಕಳಿಸಿದ ಹಳೆಯ ಕಥೆ ಹೇಳುತ್ತಾನೆ. ನಮ್ಮ ವಿಷಕನ್ಯೆಯೇ ಅವಳು! ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಚಂದ್ರಗುಪ್ತನಿಗೆಂದು ಹೂಡಿದ ವಿಷಕನ್ಯೆಯನ್ನು ಚಾಣಕ್ಯ ಪರ್ವತಕನ ಕಡೆಗೆ ತಿರುಗಿಸುತ್ತಾನೆ. ಆ ಕಥೆಯನ್ನೇ ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ವೆಂದು ಕನ್ನಡ ಗದ್ಯಕ್ಕೆ ತಂದ. ರಾಜತಂತ್ರವೆಲ್ಲ ನೆನಪಿರುತ್ತದೆ, ನಿನಗೆ ಇದು ಬೇಕಿತ್ತೇ ಎಂದು ಆ ಹುಡುಗಿಯನ್ನು ಕೇಳಿದವರು ಯಾರು?

ಗಾಸ್ ಕೇಳುತ್ತಾರೆ. ಕಾದಂಬರಿ ಬರೆಯುತ್ತಿರುವವಳೇ ಕ್ಯಾಥರೀನ್. ಉಳಿದವರು ನಡುನಡುವೆ ಬಾಯಿ ಹಾಕಿ ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಕೆಲವು ಕಡೆ ಇದು ಅತಿಯಾಯಿತು ಅನ್ನಿಸಿತು, ಪತ್ತೇದಾರಿಯ ಬಿಗಿಯೂ ಸಡಿಲವೇ. ಆದರೂ ಅಪ್ಪಂದಿರ ಪ್ರಯೋಗಕ್ಕೆ ವಸ್ತುಗಳಾಗಿದ್ದವರು ತಮ್ಮ ವಾಕ್ಯವನ್ನು ತಾವೇ ತಿದ್ದುವುದನ್ನು ನೋಡುವ ಸುಖವೇ ಬೇರೆ.

ಮೂಲ ಕೃತಿಗಳನ್ನು ಮೊದಲೇ ಓದಿರಬೇಕೆಂದೇನಿಲ್ಲ. ಓದುವ ಮನಸ್ಸಿದ್ದರೆ ಸ್ಟೀವನ್‌ಸನ್‌ನ ‘ಜೆಕಿಲ್ ಅಂಡ್ ಹೈಡ್’ (1886) ಚಿಕ್ಕದು, ಎರಡು ಸಂಜೆ ಸಾಕು. ಬಳಿಕ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಜಸ್ಟಿನ್‌ಳ ವಿಚಾರಣೆಯ ಅಧ್ಯಾಯ ತೆಗೆಯಿರಿ. ಮಾಡದ ಕೊಲೆಗೆ ಅವಳು ಗಲ್ಲಿಗೇರುತ್ತಾಳೆ. ನಿಜ ಬಲ್ಲ ವಿಕ್ಟರ್ ಬಾಯಿ ಬಿಡುವುದಿಲ್ಲ. ಅಲ್ಲಿ ಅವಳ ಮಾತು ಎಷ್ಟು ಸಾಲು, ಅವನ ಸಂಕಟದ ವರ್ಣನೆ ಎಷ್ಟು ಸಾಲು ಎಂದು ಪೆನ್ಸಿಲ್ ಹಿಡಿದು ಎಣಿಸಿ ನೋಡಿ.